ಕತ್ತಲ ರಾತ್ರಿ

ವಿಜಯಪುರ ಜಿಲ್ಲೆಯ ನಮ್ಮ ಹಳ್ಳಿಯಲ್ಲಿ, ನಮ್ಮ ಓಣಿ ಮುಗಿಯುವಲ್ಲಿ ಒಂದು ಸಣ್ಣ ಮಸೂತಿ, ಅದರ ಮುಂದೊಂದು ತಗ್ಗು. ವರ್ಷವೆಲ್ಲ ಅಲ್ಲಿ ಕೋಳಿ ಕೆದರುತ್ತವೆ, ನಾಯಿ ಮಲಗುತ್ತವೆ. ಮೊಹರಮ್ಮಿನ ಚಂದ್ರ ಕಂಡು ಗುದ್ದಲಿ ಬಿತ್ತೋ, ಅದೇ ತಗ್ಗು ಬೆಂಕಿ ಹಾಕುವ ಅಲಾಯಿ ಕುಣಿ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಯಾರೂ ಹತ್ತಿರ ಸುಳಿಯುವುದಿಲ್ಲ. ಕಟ್ಟಿಗೆ ಬಡಿಗೇರ ಮನೆಯದು, ಎಣ್ಣೆ ಗೌಡರ ಮನೆಯದು. ನಮ್ಮ ಮನೆಯ ಪಾಲಿಗೆ ಬಂದದ್ದು ಒಂದು ಬೊಗಸೆ ಉಪ್ಪು. ಬೆಂಕಿಗೆ ಉಪ್ಪು ಬಿದ್ದು ಚಟಚಟ ಅಂದರೆ ಮನೆಯ ಪೀಡೆ ಸಿಡಿದುಹೋಯಿತೆಂದು ನಮ್ಮ ಅಜ್ಜಿ, ಆಯಿ, ಕೈ ಮುಗಿಯುತ್ತಿದ್ದಳು. ಹಣೆಯಲ್ಲಿ ವಿಭೂತಿ, ಕೊರಳಲ್ಲಿ ಲಿಂಗ, ಕೈಯಲ್ಲಿ ಅಲಾಯಿ ದೇವರ ಕೆಂಪು ಲಾಡಿ. ಇದರಲ್ಲಿ ಆಯಿಗೆ ವಿಶೇಷವೇನೂ ಕಂಡಿರಲಿಲ್ಲ.

ಒಂಬತ್ತನೆಯ ರಾತ್ರಿಗೆ ನಮ್ಮ ಕಡೆ ಕತ್ತಲ ರಾತ್ರಿ ಅನ್ನುತ್ತಾರೆ. ಯಾಕೆ ಎಂದು ಕೇಳಿದರೆ ಆಯಿಯ ಬಳಿ ಉತ್ತರ ಸಿದ್ಧವಿತ್ತು: “ಹುಸೇನಸ್ವಾಮಿ ಸತ್ತಾಗ ಲೋಕಕ್ಕೆಲ್ಲಾ ಕತ್ತಲಿ ಆತು, ಅದಕ್ಕ.” ನಾನೂ ಹಾಗೇ ತಿಳಿದಿದ್ದೆ. ಕಾಲೇಜಿಗೆ ಹೋದ ಮೇಲೆ ಉರ್ದು ಬಲ್ಲ ಗೆಳೆಯನೊಬ್ಬ ನಕ್ಕುಬಿಟ್ಟ. ಅದು ಕತ್ತಲೆಯಲ್ಲವಂತೆ, ‘ಕತ್ಲ್’ ಅಂತೆ. ಅರಬ್ಬಿಯಲ್ಲಿ ಕೊಲೆ ಎಂದರ್ಥ. ಹೊಸ ವಿದ್ಯೆ ಹೊಟ್ಟೆಯಲ್ಲಿ ನಿಲ್ಲುತ್ತದೆಯೇ? ರಜೆಗೆ ಊರಿಗೆ ಹೋದವನೇ ಆಯಿಯನ್ನು ತಿದ್ದಲು ಕೂತೆ. ಆಯಿ ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸಲಿಲ್ಲ. “ಕೊಲಿ ಆದ ಮನ್ಯಾಗ ಕತ್ತಲಿ ಆಗೂದಿಲ್ಲೇನೋ?” ಅಂದಳು. ರೊಟ್ಟಿ ಹಂಚಿಗೆ ಬಿತ್ತು.

ಎರಡು ಧರ್ಮ ಹೀಗೆ ಬೆರೆತ ವಿಷಯ ಬಂದಾಗ ತಿಳಿದವರು ಎರಡನೆಯ ಇಬ್ರಾಹಿಂ ಆದಿಲ್‌ಶಾಹಿಯ ಹೆಸರೆತ್ತುತ್ತಾರೆ. 1580ರಿಂದ 1627ರವರೆಗೆ ವಿಜಾಪುರವನ್ನು ಆಳಿದ ಆತ ದಖನಿಯಲ್ಲಿ ‘ಕಿತಾಬ್-ಎ-ನವರಸ್’ ಬರೆದ, ಅದರಲ್ಲಿ ಸರಸ್ವತಿಯನ್ನು ಸ್ತುತಿಸಿದ. ನವರಸಪುರವೆಂಬ ಊರು ಕಟ್ಟಿಸಿದ್ದು ತೊರವೆಯ ಮಗ್ಗುಲಲ್ಲೇ. ಕುಮಾರ ವಾಲ್ಮೀಕಿ ರಾಮಾಯಣ ಬರೆದ, ನರಸಿಂಹನಿರುವ ಅದೇ ತೊರವೆ. ದೊಡ್ಡ ಮಾತೇ, ಇಲ್ಲವೆನ್ನುವುದಿಲ್ಲ. ಆದರೆ ಅರಸನಿಗೆ ಆಸ್ಥಾನವಿತ್ತು, ಪಂಡಿತರಿದ್ದರು, ಬಿಡುವಿತ್ತು. ಆಯಿಗೆ ಹಿಟ್ಟು ಮೆತ್ತಿದ ಎರಡು ಕೈ ಬಿಟ್ಟರೆ ಏನಿತ್ತು? ನನ್ನ ಓಟು ಆಯಿಗೆ.

ನನ್ನ ಸಣ್ಣ ಕಾಕಾನ ಹೆಸರು ಹುಸೇನಪ್ಪ. ಮುಂಚಿನ ಎರಡು ಕೂಸು ಉಳಿಯದೆ ಹೋದಾಗ ಆಯಿ ಅಲಾಯಿ ದೇವರಿಗೆ ಹರಕೆ ಹೊತ್ತಿದ್ದಳು. ನಮ್ಮ ಸೀಮೆಯಲ್ಲಿ ಇಂಥ ಹುಸೇನಪ್ಪ, ಫಕೀರಪ್ಪ, ಹುಸೇನಮ್ಮಂದಿರು ಓಣಿಗೊಬ್ಬರು ಸಿಗುತ್ತಾರೆ. ಒಮ್ಮೆ ಯಾವುದೋ ಕಚೇರಿಯಲ್ಲಿ ಗುಮಾಸ್ತರು ಹೆಸರು ನೋಡಿಯೇ ಕಾಕಾನ ಧರ್ಮದ ಕಾಲಂ ತುಂಬಿಬಿಟ್ಟರು. ತಕರಾರು ತೆಗೆದು, ಅರ್ಜಿ ಬರೆದು, ತಿದ್ದಿಸಿಕೊಂಡು ಬರಲು ಕಾಕಾ ಮೂರು ಸಲ ಬಸ್ಸು ಹತ್ತಬೇಕಾಯಿತು. ತಕರಾರು, ಅರ್ಜಿ ಎರಡೂ ಅರಬ್ಬಿಯಿಂದ ಬಂದ ಮಾತುಗಳೇ. ಅವುಗಳ ಧರ್ಮವನ್ನು ಯಾವ ಗುಮಾಸ್ತರೂ ಕೇಳಲಿಲ್ಲ.

ರಾತ್ರಿ ಬೆಂಕಿಯ ಸುತ್ತ ಹೆಜ್ಜೆ ಹಾಕುತ್ತ ರಿವಾಯತ್ ಪದ ಹಾಡುತ್ತಾರೆ. ಕ್ರಿ.ಶ. 680ರಲ್ಲಿ ಕರ್ಬಲಾದಲ್ಲಿ ಹುಸೇನಸ್ವಾಮಿಯ ಕೊಲೆಯಾದ ಕಥೆ, ಹಾಡುವುದು ಅಚ್ಚಗನ್ನಡದಲ್ಲಿ. ಶಿಶುನಾಳ ಶರೀಫರೂ ರಿವಾಯತ್ ಪದ ಕಟ್ಟಿದ್ದಾರೆ. ನಮ್ಮೂರಲ್ಲಿ ಮುಂದೆ ನಿಂತು ಸೊಲ್ಲು ಎತ್ತುತ್ತಿದ್ದವನು ಕುರುಬರ ಮನೆಯ ಮುದುಕ. ಹೊಳೆ ಪಕ್ಕದಲ್ಲಿದ್ದೂ ಮಕ್ಕಳಿಗೆ ಗುಟುಕು ನೀರು ಸಿಗಲಿಲ್ಲ ಎಂಬಲ್ಲಿಗೆ ಬಂದಾಗ ಅವನ ದನಿ ಒಡೆಯುತ್ತಿತ್ತು. ಬರಗಾಲ ಕಂಡ ಊರು ನಮ್ಮದು. ಬಾಯಾರಿಕೆಯನ್ನು ಯಾರೂ ಅನುವಾದಿಸಿ ಹೇಳಬೇಕಿರಲಿಲ್ಲ.

ಈಗ ಎರಡೂ ಕಡೆಯ ಹುಡುಗರು ಪ್ರಶ್ನೆ ಕೇಳುತ್ತಾರೆ. ಶೋಕದ ದಿನ ಹಲಗೆ ಬಡಿದು ಕುಣಿಯುವುದು ಯಾವ ಲೆಕ್ಕ ಎಂದು ಅವರು, ನಮಗೇಕೆ ಅವರ ದೇವರು ಎಂದು ಇವರು. ಕೇಳಲಿ. ಉತ್ತರ ಹೇಳಲು ಆಯಿ ಇಲ್ಲ, ನನಗೆ ಅವಳಷ್ಟು ಚುರುಕು ಬಾಯಿಲ್ಲ.

2016ರಲ್ಲಿ ದಸರೆಗೆಂದು ಊರಿಗೆ ಹೋಗಿದ್ದೆ. ಅಕ್ಟೋಬರ್ 11ಕ್ಕೆ ವಿಜಯದಶಮಿ, 12ಕ್ಕೆ ಮೊಹರಂ. ಎರಡೂ ಅಮಾವಾಸ್ಯೆ ಕಳೆದ ಮೇಲೆ ಹತ್ತು ದಿನ ಎಣಿಸುವ ಹಬ್ಬಗಳಾದ್ದರಿಂದ ತಿಂಗಳು ಕೂಡಿ ಬಂದಾಗ ಹೀಗಾಗುತ್ತದೆ. ಸಂಜೆ ಮನೆಮನೆಗೆ ಹೋಗಿ ಬನ್ನಿ ಕೊಟ್ಟು ಹಿರಿಯರ ಕಾಲಿಗೆ ಬಿದ್ದೆವು. ಕತ್ತಲಾದ ಮೇಲೆ ಅದೇ ಅಂಗಿಯಲ್ಲಿ ಕುಣಿಯ ಹತ್ತಿರ ಬಂದೆವು. ಅವತ್ತೇ ಕತ್ತಲ ರಾತ್ರಿ. ಉಪ್ಪು ಹಾಕಲು ಜೇಬಿಗೆ ಕೈ ಹಾಕಿದರೆ ಬನ್ನಿ ಎಲೆಯೂ ಜೊತೆಗೆ ಬಂತು. ಆರಿಸಿ ತೆಗೆಯುವಷ್ಟು ಬೆಳಕಿರಲಿಲ್ಲ. ಎರಡನ್ನೂ ಹಾಕಿದೆ. ಉಪ್ಪು ಚಟಚಟ ಅಂದಿತು, ಎಲೆ ಸದ್ದಿಲ್ಲದೆ ಉರಿಯಿತು.