ಧನುಷ್ಕೋಟಿ: ಕಡಲು ಕೊಂಡೊಯ್ದ ಊರು

ಕಾಶಿಗೆ ಹೋಗಿಬಂದವರು ರಾಮೇಶ್ವರವನ್ನು ಕಾಣದಿದ್ದರೆ ಯಾತ್ರೆ ಪೂರ್ತಿಯಾಗದೆಂಬ ನಂಬಿಕೆ ನಮ್ಮ ಕಡೆಯ ಮನೆಗಳಲ್ಲಿ ಹಳೆಯದು. ರಾಮೇಶ್ವರಕ್ಕೆ ಹೋದ ಮೇಲೆ ಸೇತುಸ್ನಾನವಾಗಬೇಕು. ಅದಕ್ಕೆ ಧನುಷ್ಕೋಟಿಗೇ ಸಾಗಬೇಕು. ದ್ವೀಪದಿಂದ ಆಗ್ನೇಯಕ್ಕೆ ಚಾಚಿಕೊಂಡ ಮರಳಿನ ನಾಲಗೆ ಅದು. ತುದಿಯತ್ತ ಮುಖಮಾಡಿ ನಿಂತರೆ ಎಡಗಡೆ ಪಾಕ್ ಕೊಲ್ಲಿ, ಬಲಗಡೆ ಮನ್ನಾರ್ ಖಾರಿ. ಒಂದು ಹೆಣ್ಣುಗಡಲು, ಇನ್ನೊಂದು ಗಂಡುಗಡಲು ಎನ್ನುವುದು ಅಲ್ಲಿನ ವಾಡಿಕೆ.

ಈಗ ಅಲ್ಲಿ ನೋಡಲು ಸಿಕ್ಕುವುದು ಹವಳದ ಕಲ್ಲಿನಿಂದ ಕಟ್ಟಿದ ಇಗರ್ಜಿಯ ಮೊಂಡುಗೋಡೆಗಳು, ರೈಲು ನಿಲ್ದಾಣದ ಅವಶೇಷ, ಅಷ್ಟಿಷ್ಟು ಇಟ್ಟಿಗೆ. ಆದರೆ 1914ರಲ್ಲಿ ಪಾಂಬನ್ ಸೇತುವೆ ತೆರೆದ ಮೇಲೆ ಈ ಊರಿನ ಭಾಗ್ಯವೇ ತೆರೆದಿತ್ತು. ಮದರಾಸಿನಿಂದ ಹೊರಟ ಬೋಟ್ ಮೇಲ್ ರೈಲು ಪ್ರಯಾಣಿಕರನ್ನು ಇಲ್ಲಿಗೆ ತಂದು ಇಳಿಸುತ್ತಿತ್ತು. ಹಡಗು ಅವರನ್ನು ತಲೈಮನ್ನಾರಿಗೆ ದಾಟಿಸುತ್ತಿತ್ತು. ಅಲ್ಲಿಂದ ಮತ್ತೆ ರೈಲು, ಕೊಲಂಬೊ. ಸುಂಕದ ಕಚೇರಿ, ಅಂಚೆಮನೆ, ಶಾಲೆ, ಯಾತ್ರಿಕರ ಛತ್ರ ಎಲ್ಲವೂ ಈ ಮರಳಿನ ಮೇಲೆಯೇ ಇದ್ದವು.

1964ರ ಡಿಸೆಂಬರ್ 17ರ ಸುಮಾರಿಗೆ ಅಂಡಮಾನಿನ ದಕ್ಷಿಣಕ್ಕೆ ಒಂದು ವಾಯುಭಾರ ಕುಸಿತ ಕಾಣಿಸಿಕೊಂಡಿತು. ಬಂಗಾಳ ಕೊಲ್ಲಿಯಲ್ಲಿ ಮಳೆಗಾಲದ ಹಿಂದೆಯೂ ಮುಂದೆಯೂ ಬಿರುಗಾಳಿಗಳೇಳುವುದು ಹೊಸದಲ್ಲ. ಸಮಭಾಜಕಕ್ಕೆ ತೀರ ಹತ್ತಿರದಲ್ಲಿ ಭೂಮಿಯ ತಿರುಗುವಿಕೆಯ ಪ್ರಭಾವ ಕ್ಷೀಣವಾದ್ದರಿಂದ ಗಾಳಿ ಸುಳಿಯಾಗುವುದು ಕಷ್ಟ. ಇದಾದರೋ ಅಲ್ಲಿಂದ ಬಹಳ ದೂರವಲ್ಲದ ಕೆಳಗಿನ ಅಕ್ಷಾಂಶದಲ್ಲೇ ಹುಟ್ಟಿ ಬಲಿಯಿತು. 22ರಂದು ಸಿಂಹಳದ ಉತ್ತರಭಾಗವನ್ನು ವವುನಿಯಾದ ಬಳಿ ದಾಟಿ, ಆ ರಾತ್ರಿ ಧನುಷ್ಕೋಟಿಯ ಮೇಲೆರಗಿತು. ಬಿರುಗಾಳಿಗಳಿಗೆ ಹೆಸರಿಡುವ ಪದ್ಧತಿ ನಮ್ಮ ಕಡಲಿಗೆ ಬಂದದ್ದು 2004ರಲ್ಲಿ. ಆದ್ದರಿಂದ ಅಷ್ಟು ಜೀವಗಳನ್ನು ತೆಗೆದ ಆ ಗಾಳಿಗೆ ಹೆಸರೂ ಇಲ್ಲ.

ಗಾಳಿಗಿಂತ ಕೊಂದದ್ದು ನೀರು. ಪಾಕ್ ಕೊಲ್ಲಿ ಆಳವಿಲ್ಲದ ಕಡಲು. ಗಾಳಿ ದೂಡಿ ತಂದ ನೀರಿಗೆ ಕೆಳಕ್ಕೆ ಇಳಿಯಲು ಎಡೆಯಿಲ್ಲದೆ ಅದು ಮೇಲಕ್ಕೇರಿ ಗೋಡೆಯಾಗುತ್ತದೆ. ಎರಡು ಕಡಲುಗಳ ನಡುವಣ ಈ ತಗ್ಗು ಮರಳಿನ ಮೇಲೆ ಓಡಿಹೋಗಲು ದಿಣ್ಣೆಯೊಂದಿರಲಿಲ್ಲ.

ಅದೇ ರಾತ್ರಿ ಪಾಂಬನ್‌ನಿಂದ ಬರುತ್ತಿದ್ದ ಪ್ಯಾಸೆಂಜರ್ ರೈಲು ಊರನ್ನು ಮುಟ್ಟಲಿಲ್ಲ. ಸಿಗ್ನಲ್ ಕೆಟ್ಟಿತ್ತು, ಚಾಲಕ ಕೆಲಹೊತ್ತು ಕಾದು, ಉದ್ದವಾಗಿ ಸಿಳ್ಳು ಹಾಕಿ ಮುಂದೆ ಸಾಗಿದನೆನ್ನುತ್ತಾರೆ. ಅವನ ದುಡುಕೆಂದು ಟೀಕಿಸುವವರುಂಟು. ಆ ಕತ್ತಲೆಯಲ್ಲಿ ನಿಂತಿದ್ದರೂ ಉಳಿಯುತ್ತಿದ್ದರೆಂದು ನನಗಂತೂ ತೋರುವುದಿಲ್ಲ. ಲೆಕ್ಕಕ್ಕೆ ಸಿಕ್ಕ 110 ಪ್ರಯಾಣಿಕರು, 5 ನೌಕರರು, ಎಲ್ಲರೂ ಅಲೆಯ ಪಾಲಾದರು. ಟಿಕೆಟ್ಟಿಲ್ಲದೆ ಹತ್ತಿದವರು ಯಾವ ಪಟ್ಟಿಯಲ್ಲೂ ಇಲ್ಲ. ಎರಡೂ ದೇಶಗಳಲ್ಲಿ ಸತ್ತವರು 1800ಕ್ಕೆ ಕಡಮೆಯಲ್ಲವೆಂದು ಅಂದಾಜು.

ಪಾಂಬನ್ ಸೇತುವೆಯ ತೊಲೆಗಳಲ್ಲಿ ಬಹುಪಾಲು ಕಡಲಿಗೆ ಬಿದ್ದಿದ್ದವು. ಹಡಗುಗಳಿಗೆ ದಾರಿಬಿಡಲು ತೆರೆದುಕೊಳ್ಳುವ ನಡುಭಾಗ ಮಾತ್ರ ಉಳಿದಿತ್ತು. ಆಗ ತರುಣ ಎಂಜಿನಿಯರಾಗಿದ್ದ ಇ. ಶ್ರೀಧರನ್ ಮುಂದಾಳಾಗಿ, ತೊಲೆಗಳನ್ನು ಕಡಲಿನಿಂದೆತ್ತಿಸಿ, 46 ದಿನಗಳಲ್ಲಿ ಸೇತುವೆಯನ್ನು ಮತ್ತೆ ನಿಲ್ಲಿಸಿದರು. ರೈಲು ರಾಮೇಶ್ವರಕ್ಕೆ ಮರಳಿತು, ಧನುಷ್ಕೋಟಿಗೆ ಮರಳಲಿಲ್ಲ. ಸರಕಾರ ಊರನ್ನು ವಾಸಕ್ಕೆ ಅನರ್ಹವೆಂದು ಸಾರಿತು. ಹಡಗು ರಾಮೇಶ್ವರದಿಂದ ಹೊರಡತೊಡಗಿತು. ಸಿಂಹಳದ ಒಳಯುದ್ಧದ ಕಾಲಕ್ಕೆ ಅದೂ ನಿಂತಿತು.

2020ರ ಡಿಸೆಂಬರಿನಲ್ಲಿ ಬುರೆವಿ ಎಂಬ ಬಿರುಗಾಳಿ ಬಹುಮಟ್ಟಿಗೆ ಇದೇ ಹಾದಿಯಲ್ಲಿ ಸಿಂಹಳವನ್ನು ದಾಟಿ ಮನ್ನಾರ್ ಖಾರಿಗಿಳಿಯಿತು. ಉಪಗ್ರಹಗಳ ಕಣ್ಣಿತ್ತು, ಅದು ಬರುವ ಸುದ್ದಿ ದಿನಗಳ ಮೊದಲೇ ತಲುಪಿತ್ತು. ಗಾಳಿಯೂ ಖಾರಿಯಲ್ಲೇ ಬಲಗುಂದಿತು.

2017ರಿಂದ ತುದಿಯವರೆಗೂ ಡಾಂಬರು ರಸ್ತೆಯಿದೆ. ಪ್ರವಾಸಿಗಳು ಇಳಿದು, ಇಗರ್ಜಿಯ ಗೋಡೆಗೊರಗಿ ಚಿತ್ರ ತೆಗೆಸಿಕೊಂಡು, ಕತ್ತಲಾಗುವ ಮುನ್ನ ಹಿಂದಿರುಗುತ್ತಾರೆ. ಬೆಸ್ತರ ಕುಟುಂಬಗಳು ಮಾತ್ರ ಗರಿಯ ಗುಡಿಸಲುಗಳಲ್ಲಿ ಉಳಿದಿವೆ. ಮಳೆಯ ನೀರು ಮರಳಿನೊಳಗೆ ಉಪ್ಪುನೀರಿನ ಮೇಲೆ ತೆಳುವಾಗಿ ತೇಲುತ್ತದೆ. ಅಲೆ ಬಡಿಯುವಲ್ಲಿಂದ ತುಸು ದೂರದಲ್ಲಿ ಹೆಂಗಸರು ಕೈಯಿಂದ ಗುಳಿ ತೋಡಿ, ಅದು ಊರುವವರೆಗೆ ಕಾದು, ಸಿಹಿನೀರನ್ನು ಮೊಗೆದು ಕೊಡ ತುಂಬಿಸಿಕೊಳ್ಳುತ್ತಾರೆ.