ಬ್ರೆಡ್ ಸಿಗದ ಚಳಿಗಾಲ

ಊರೆಲ್ಲ ಹಸಿವಿನಿಂದ ಸೊರಗುವಾಗ ಕೆಲವು ಮಕ್ಕಳು ಮಾತ್ರ ಚೇತರಿಸಿಕೊಂಡರಂತೆ! ಇದು ಕಟ್ಟುಕಥೆಯಲ್ಲ.

1944–45ರ ಚಳಿಗಾಲ. ಎರಡನೇ ಮಹಾಯುದ್ಧದಿಂದಾಗಿ ನೆದರ್ಲೆಂಡ್ಸಿನಲ್ಲಿ ಬ್ರೆಡ್ಡಿಗೂ ಬರ. ಜನ ಟ್ಯೂಲಿಪ್ ಗಡ್ಡೆ ಬೇಯಿಸಿ ತಿಂದರು; ಸಾವಿರಾರು ಮಂದಿ ಸತ್ತರು. ಆದರೆ ಹೇಗ್ ನಗರದ ಮಕ್ಕಳ ವೈದ್ಯ ವಿಲ್ಲೆಮ್ ಡಿಕ್ಕೆಯವರ ಬಳಿಯಿದ್ದ ಸೀಲಿಯಾಕ್ ಕಾಯಿಲೆಯ ಮಕ್ಕಳು, ಸದಾ ಭೇದಿಯಿಂದ ನರಳುತ್ತಿದ್ದವರು, ಸುಧಾರಿಸಿದರು. ಡಿಕ್ಕೆಯವರಿಗೆ ಗೋಧಿಯ ಮೇಲೆ ಮೊದಲೇ ಅನುಮಾನವಿತ್ತು. ಅಷ್ಟಕ್ಕೇ ನಂಬಿಬಿಡುವವರಲ್ಲ ಅವರು. ಕೆಲವು ಮಕ್ಕಳಿಗೆ ಗೋಧಿ ಬಿಡಿಸಿ, ಮತ್ತೆ ಕೊಟ್ಟು, ವರ್ಷಗಟ್ಟಲೆ ಗಮನಿಸಿ 1950ರಲ್ಲಿ ಪ್ರಬಂಧ ಬರೆದರು.

ನಮ್ಮ ಮೊಮ್ಮಗಳು ಪುಟ್ಟಿಗೂ ಇದೇ ಕಾಯಿಲೆ. ಗೋಧಿಯಲ್ಲಿರುವ ಗ್ಲುಟೆನ್ ಎಂಬ ಅಂಟು ಒಳಗೆ ಹೋದರೆ ಮೈಯನ್ನು ಕಾಯುವ ಪಡೆಯೇ ಸಣ್ಣ ಕರುಳನ್ನು ಕೆಡಿಸುತ್ತದೆ. ಉಂಡದ್ದು ಮೈಗೆ ಹತ್ತದು. ಆರು ವರ್ಷಕ್ಕೂ ಅವಳು ಕಡ್ಡಿಯಂತಿದ್ದಳು. ಗ್ಲುಟೆನ್ ಬಿಡುವುದೇ ಔಷಧಿ. (ಹೊಟ್ಟೆನೋವೆಂದು ನೀವಾಗಿಯೇ ಬಿಡಿಸಬೇಡಿ, ಪರೀಕ್ಷೆಗೆ ಮೊದಲೇ ಬಿಟ್ಟರೆ ಕಾಯಿಲೆ ಪತ್ತೆಯಾಗದೆ ಹೋಗಬಹುದು.)

ಕಥೆ ಕೇಳಿ ಪುಟ್ಟಿ, “ಅಜ್ಜಿ, ಮತ್ತೆ ಗೋಧಿ ಕೊಟ್ಟಾಗ ಆ ಮಕ್ಕಳಿಗೆ ಹೊಟ್ಟೆ ನೋಯ್ಲಿಲ್ವಾ?” ಎಂದಳು.

“ನೋಯ್ತು ಕಂದ. ಅವರು ನೊಂದಿದ್ದರಿಂದಲೇ ನಿನಗೆ ರಾಗಿಮುದ್ದೆ, ಅಕ್ಕಿರೊಟ್ಟಿ ಕೊಟ್ಟರೆ ಸಾಕು ಅಂತ ನಮಗೆ ಗೊತ್ತಾಗಿದ್ದು.”

ಅವಳು ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಮದುವೆಮನೆಯಲ್ಲಿ “ಒಂದು ಚಿರೋಟಿ ತಿಂದ್ರೆ ಏನಾಗತ್ತೆ?” ಎನ್ನುವವರದೇ ಕಾಟ. ಸಾರಿಗೆ ಹಾಕುವ ಇಂಗಿನ ಪುಡಿಯಲ್ಲೂ ಎಷ್ಟೋ ಸಲ ಮೈದಾ ಬೆರೆತಿರುತ್ತದೆ. ಅಂಗಡಿಯಲ್ಲಿ ನಾನು ಕನ್ನಡಕ ಹುಡುಕುವಷ್ಟರಲ್ಲಿ ಪುಟ್ಟಿ ಡಬ್ಬಿ ತಿರುಗಿಸಿ ಓದಿ ಮುಗಿಸಿರುತ್ತಾಳೆ.