ಅನುಮಾನದ ಖಾತೆ

ಕ್ರಿಕೆಟ್‌ನಲ್ಲಿ ಯಾರಾದರೂ ಸಿಕ್ಸರ್ ಎತ್ತಿದರೆ ನೋಡುವವನು ಎದ್ದು ನಿಂತು ಕೂಗುತ್ತಾನೆ, ಅಲ್ಲಿಗೆ ಮುಗಿಯಿತು. ಸೈಕಲ್ ರೇಸಿನಲ್ಲಿ ಹಾಗಲ್ಲ. ಆಲ್ಪ್ಸ್ ಪರ್ವತದ ಏರಿನಲ್ಲಿ ಒಬ್ಬ ಸವಾರ ಉಳಿದವರನ್ನೆಲ್ಲ ಹಿಂದೆ ಹಾಕಿ ಒಂಟಿಯಾಗಿ ಹೊರಟನೆಂದರೆ, ಅಭಿಮಾನಿ ಮೊದಲು ಚಪ್ಪಾಳೆ ತಟ್ಟಲು ಕೈ ಎತ್ತುತ್ತಾನೆ. ಆಮೇಲೆ ಎತ್ತಿದ ಕೈ ಅಲ್ಲೇ ನಿಲ್ಲಿಸಿ ಪಕ್ಕದವನ ಮುಖ ನೋಡುತ್ತಾನೆ. ಮೂತ್ರಪರೀಕ್ಷೆಯ ವರದಿ ಬರುವ ತನಕ ಖುಷಿಯನ್ನು ಮುಂದೂಡಬೇಕಾದ ಆಟ, ಭಾರ ಎತ್ತುವವರದ್ದನ್ನು ಬಿಟ್ಟರೆ, ಇದೇ ಇರಬೇಕು.

ನನ್ನ ಪಾಲಿಗೆ ಆ ಪಕ್ಕದ ಮುಖ ಅಕ್ಕನ ಗಂಡನದು. ಭಾವ ಸಹಕಾರ ಸಂಘಗಳ ಲೆಕ್ಕ ತಪಾಸಣೆ ಮಾಡಿಯೇ ನಿವೃತ್ತರಾದವರು. ಮದುವೆ ಮನೆಯಲ್ಲಿ ಎಲೆ ಮುಂದೆ ಕೂತರೂ ಹೋಳಿಗೆ ಎಷ್ಟು ಬಂತು, ಎಷ್ಟು ಹೋಯಿತು ಎಂದು ಕಣ್ಣಲ್ಲೇ ತಾಳೆ ನೋಡುವ ಸ್ವಭಾವ. ಹಾಗಂತ ಹುಟ್ಟಾ ಅನುಮಾನದವರೇನಲ್ಲ. ಕ್ಯಾನ್ಸರ್ ಗೆದ್ದು ಬಂದು 1999ರಿಂದ 2005ರವರೆಗೆ ಸತತ ಏಳು ಸಲ ಟೂರ್ ಡಿ ಫ್ರಾನ್ಸ್ ಗೆದ್ದ ಲಾನ್ಸ್ ಆರ್ಮ್‌ಸ್ಟ್ರಾಂಗ್‌ನನ್ನು ಅವರು ಮನಸಾರೆ ನಂಬಿದ್ದರು. ಅವನ ಹೆಸರಿನ ಹಳದಿ ರಬ್ಬರ್ ಪಟ್ಟಿ, ದೇವರಾಜ ಮಾರುಕಟ್ಟೆ ಹತ್ತಿರದ ಫುಟ್‌ಪಾತಿನಲ್ಲಿ ಕೊಂಡ ನಕಲಿಯೇ ಆದರೂ, ವರ್ಷಗಟ್ಟಲೆ ಅವರ ಮಣಿಕಟ್ಟಿನಲ್ಲಿತ್ತು. 2012ರಲ್ಲಿ ಅವನ ಏಳಕ್ಕೆ ಏಳೂ ಪ್ರಶಸ್ತಿಗಳನ್ನು ಕಿತ್ತುಕೊಂಡರು. ಮುಂದಿನ ಜನವರಿಯಲ್ಲಿ ಅವನೇ ಟಿವಿ ಮುಂದೆ ಕೂತು, ಉದ್ದೀಪನ ಮದ್ದು ತೆಗೆದುಕೊಂಡಿದ್ದು ಹೌದು ಎಂದ. ಭಾವ ಒಂದು ಮಾತೂ ಆಡಲಿಲ್ಲ. ಪಟ್ಟಿ ಬಿಚ್ಚಿ ಕರೆಂಟ್ ಬಿಲ್ಲುಗಳ ಕಟ್ಟಿಗೆ ಸುತ್ತಿದರು. ರಬ್ಬರ್ ಒಳ್ಳೆಯದಿತ್ತು, ಇವತ್ತಿಗೂ ಬಿಲ್ಲುಗಳು ಚೆದುರಿಲ್ಲ.

ಅದೇ 2013ರ ಜುಲೈ 14ರಂದು, ಟೂರ್‌ನಲ್ಲಿ, ಕ್ರಿಸ್ ಫ್ರೂಮ್ ಎಂಬವನು ಮೋಂ ವಾಂಟೂ ಎಂಬ ಬೋಳು ಬೆಟ್ಟವನ್ನು ಎಲ್ಲರಿಗಿಂತ ಮೊದಲು ಹತ್ತಿದ. ನಾನು ಕುಣಿದೆ. ಭಾವ ಎದ್ದು ಹೋಗಿ ಒಂದು ಹೊಸ ನೋಟ್‌ಬುಕ್ಕು, ಒಂದು ಹಸಿರು ಪೆನ್ಸಿಲ್ಲು ತಂದರು.

ಫ್ರೂಮ್ ನೋಡಲಿಕ್ಕೆ ಚೆಂದದ ಸವಾರನಲ್ಲ. ನೈರೋಬಿಯಲ್ಲಿ ಹುಟ್ಟಿ, ಕೀನ್ಯಾ, ದಕ್ಷಿಣ ಆಫ್ರಿಕಾಗಳಲ್ಲಿ ಬೆಳೆದು, ಆಮೇಲೆ ಬ್ರಿಟನ್ನಿನ ಪರವಾಗಿ ಸೈಕಲ್ ತುಳಿದ ಈ ಕಡ್ಡಿ ಮನುಷ್ಯ, ಏರು ಹತ್ತುವಾಗ ಎರಡೂ ಮೊಣಕೈ ಹೊರಕ್ಕೆ ಚಾಚಿ, ದಾರಿಯಲ್ಲಿ ಎಂಟಾಣೆ ಬೀಳಿಸಿಕೊಂಡವನ ಹಾಗೆ ತಲೆ ತಗ್ಗಿಸಿಯೇ ಇರುತ್ತಿದ್ದ. ಹ್ಯಾಂಡಲ್ ಮೇಲೆ ಒಂದು ಪುಟ್ಟ ಮೀಟರು. ಕಾಲು ಎಷ್ಟು ವಾಟ್ ಶಕ್ತಿ ಹಾಕುತ್ತಿದೆ ಎಂದು ಅದು ತೋರಿಸುತ್ತದೆ. ಎದುರಾಳಿ ಮುಂದೆ ಹೋದರೂ ಇವನು ಬೆನ್ನಟ್ಟುವ ಮೊದಲು ಮೀಟರನ್ನು ಕೇಳುತ್ತಿದ್ದ. ಅಂಕಿಯ ಮೇಲೆ ಇಷ್ಟು ಭಕ್ತಿ ಇರುವವನನ್ನು ಕಂಡರೆ ಲೆಕ್ಕ ತಪಾಸಿಗನಿಗೆ ಪ್ರೀತಿ ಉಕ್ಕಬೇಕಿತ್ತು.

“ನನ್ನ ಸರ್ವೀಸಲ್ಲಿ ನನ್ನನ್ನ ಜಾಸ್ತಿ ಕಾಡಿದ್ದು ಅಂಕಿ ನೀಟಾಗಿ ಬರೆದವರೇ ಕಣಯ್ಯಾ,” ಎಂದರು ಭಾವ.

ಅವರ ಮೊದಲ ಆಕ್ಷೇಪಣೆ 2011ರದು. ಆ ವರ್ಷದ ಆಗಸ್ಟ್‌ವರೆಗೆ ಫ್ರೂಮ್ ಹೆಸರು ಕೇಳಿದವರು ಕಡಿಮೆ. ಸ್ಪೇನಿನ ವುವೆಲ್ಟಾ ರೇಸಿಗೆ ತಂಡದ ನಾಯಕನ ಸೇವೆಗೆಂದು ಬಂದವನು, ನಾಯಕನನ್ನೂ ದಾಟಿ ಎರಡನೆಯವನಾಗಿ ಮುಗಿಸಿದ. ಗೆದ್ದ ಹ್ವಾನ್ ಹೋಸೆ ಕೋಬೋಗೂ ಇವನಿಗೂ ಇದ್ದ ಅಂತರ 13 ಸೆಕೆಂಡು. “ಒಂದೇ ವರ್ಷದಲ್ಲಿ ಇಷ್ಟು ಲಾಭ ಬಂದಿದ್ರೆ ನಾನು ಮೊದಲು ವೋಚರ್ ಕೇಳ್ತಿದ್ದೆ.”

ವೋಚರ್ ಒದಗಿಸುವ ಕೆಲಸ ನನ್ನದಾಯಿತು. ಆಫ್ರಿಕಾದ ನಿಂತ ನೀರಿನಲ್ಲಿ ಬಸವನಹುಳುಗಳಿಂದ ಹರಡುವ ಬಿಲ್ಹಾರ್ಜಿಯಾ ಎಂಬ ಪರಾವಲಂಬಿ ಹುಳು ಅವನ ಮೈಯಲ್ಲಿತ್ತು, 2010ರಲ್ಲಿ ಅದು ಪತ್ತೆಯಾಗಿ ಚಿಕಿತ್ಸೆ ಆಯಿತು, ಅದಕ್ಕೇ ಮೊದಲು ಅಷ್ಟು ಸುಸ್ತಾಗುತ್ತಿದ್ದ ಎಂದೆ. 2007ರಲ್ಲಿ 75.6 ಕೆ.ಜಿ. ಇದ್ದವನು 2015ರಲ್ಲಿ ಲಂಡನ್ನಿನ ಪ್ರಯೋಗಾಲಯದಲ್ಲಿ ತೂಗಿದಾಗ 70ಕ್ಕಿಂತ ಕಡಿಮೆ ಇದ್ದ, ಆಮ್ಲಜನಕ ಹೀರುವ ಶಕ್ತಿ ಮಾತ್ರ ಮೊದಲಿಂದಲೂ ಅಸಾಧಾರಣವೇ ಎಂದೂ ತೋರಿಸಿದೆ. ಅಡುಗೆಮನೆಯಲ್ಲಿ ಸೊಪ್ಪು ಬಿಡಿಸುತ್ತಿದ್ದ ಅಕ್ಕ ಅಲ್ಲಿಂದಲೇ ಕೇಳಿದಳು: “ಹುಳ ಹೋದ್ರೆ ಮಕ್ಕಳು ಮೈ ಹಿಡೀತಾರೆ. ಇವನು ಹೆಂಗೋ ಸಣ್ಣಗಾದ?”

ಭಾವ ಅದನ್ನೂ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು.

ಹೀಗೆ ವರ್ಷಗಳು ಹೋದವು. 2013, 2015, 2016, 2017, ನಾಲ್ಕು ಸಲ ಟೂರ್ ಅವನದಾಯಿತು. 2015ರಲ್ಲಂತೂ ಫ್ರಾನ್ಸಿನ ರಸ್ತೆ ಬದಿಯಲ್ಲಿ ನಿಂತ ಒಬ್ಬ ಅವನನ್ನು ಮದ್ದುಕೋರ ಎಂದು ಬೈದು, ಲೋಟದಲ್ಲಿದ್ದ ಮೂತ್ರವನ್ನು ಮೈಮೇಲೆ ಎರಚಿದ. ಪರೀಕ್ಷೆಗೆ ಅವನು ಕೊಡುವುದೂ ಅದೇ, ಜನ ಅವನಿಗೆ ಕೊಟ್ಟದ್ದೂ ಅದೇ. ಭಾವನಿಗೆ ಆ ದಿನ ಬೇಸರವಾಯಿತು. ಆಕ್ಷೇಪಣೆ ಬರವಣಿಗೆಯಲ್ಲಿರಬೇಕು ಎಂಬುದು ಅವರ ಶಿಸ್ತು.

ಇಷ್ಟರ ನಡುವೆ ಭಾವ ಅವನನ್ನು ಪೂರ್ತಿ ನಂಬಿದ ದಿನವೂ ಒಂದಿತ್ತು. 2016ರ ಜುಲೈ 14, ಮತ್ತೆ ಅದೇ ವಾಂಟೂ ಬೆಟ್ಟ. ಜನಜಂಗುಳಿಯಲ್ಲಿ ಮುಂದಿದ್ದ ಮೋಟಾರ್ ಸೈಕಲ್ ಗಕ್ಕನೆ ನಿಂತು, ಹಿಂದಿದ್ದ ಸವಾರರು ಅದಕ್ಕೆ ಗುದ್ದಿ, ಫ್ರೂಮ್‌ನ ಸೈಕಲ್ ಮುರಿಯಿತು. ತಂಡದ ಕಾರು ಎಲ್ಲೋ ಹಿಂದೆ ಸಿಕ್ಕಿಹಾಕಿಕೊಂಡಿತ್ತು. ಒಟ್ಟು ರೇಸಿನಲ್ಲಿ ಮುಂದಿರುವವನ ಹಳದಿ ಅಂಗಿ ತೊಟ್ಟವನು ಸೈಕಲ್ ಬಿಟ್ಟು, ಆ ಟಕಟಕ ಎನ್ನುವ ಶೂನಲ್ಲೇ ಬೆಟ್ಟದ ರಸ್ತೆಯಲ್ಲಿ ಓಡಿದ. ಬಸ್ಸು ತಪ್ಪಿಸಿಕೊಂಡ ಮೇಷ್ಟರ ಓಟ! “ಇದಕ್ಕೆ ಯಾವ ಮದ್ದೂ ಇಲ್ಲ ಬಿಡು,” ಎಂದು ಭಾವ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು.

2017ರ ಡಿಸೆಂಬರ್‌ನಲ್ಲಿ ವಿಷಯ ನಮ್ಮ ಮನೆಯ ಔಷಧದ ಡಬ್ಬಿಯ ತನಕ ಬಂತು. ಸೆಪ್ಟೆಂಬರ್ 7ರಂದು ವುವೆಲ್ಟಾ ಸಮಯದಲ್ಲಿ ಕೊಟ್ಟ ಮೂತ್ರದಲ್ಲಿ ಸಾಲ್ಬುಟಮಾಲ್ ಮಿತಿ ಮೀರಿ ಸಿಕ್ಕಿದೆ ಎಂಬ ಸುದ್ದಿ. ಸಾಲ್ಬುಟಮಾಲ್ ಎಂದರೆ ಏನೋ ರಹಸ್ಯ ರಸಾಯನವಲ್ಲ; ಅಸ್ತಾಲಿನ್ ಎಂದು ಯಾವ ಮೆಡಿಕಲ್ ಶಾಪಿನಲ್ಲಿ ಕೇಳಿದರೂ ಕೊಡುವ, ಉಬ್ಬಸದವರ ನೀಲಿ ಪಂಪು. ಮಾವು ಹೂ ಬಿಡುವ ಕಾಲಕ್ಕೆ ನನ್ನ ಅಂಗಿಯ ಜೇಬಿನಲ್ಲೂ ಒಂದು ಇದ್ದೇ ಇರುತ್ತದೆ. ಫ್ರೂಮ್‌ಗೂ ಚಿಕ್ಕಂದಿನಿಂದ ಉಬ್ಬಸ. ನಮ್ಮಿಬ್ಬರಿಗೂ ಹೀಗೊಂದು ಸಂಬಂಧ ಇದೆ ಎಂದು ತಿಳಿದು ನನಗೆ ಒಳಗೊಳಗೇ ಹೆಮ್ಮೆ.

ಲೆಕ್ಕ ಹೀಗೆ. ಒಂದು ಪಫ್‌ನಲ್ಲಿ 100 ಮೈಕ್ರೊಗ್ರಾಂ. ಆಟಗಾರ 24 ಗಂಟೆಯಲ್ಲಿ 1600 ಮೈಕ್ರೊಗ್ರಾಂ, ಅಂದರೆ 16 ಪಫ್, ಎಳೆದುಕೊಳ್ಳಬಹುದಿತ್ತು. ನುಂಗುವುದಕ್ಕೆ ಮಾತ್ರ ನಿಷೇಧ; ಹೆಚ್ಚು ನುಂಗಿದರೆ ಸ್ನಾಯು ಬೆಳೆಯಬಹುದೆಂಬ ಭಯ. ಯಾರು ಎಷ್ಟು ಎಳೆದರು ಎಂದು ಪಕ್ಕದಲ್ಲಿ ನಿಂತು ಎಣಿಸುವವರಿಲ್ಲವಾದ್ದರಿಂದ ಮೂತ್ರದಲ್ಲಿ ಅಳೆಯುತ್ತಾರೆ. ಮಿತಿ ಮಿಲಿಲೀಟರಿಗೆ 1000 ನ್ಯಾನೊಗ್ರಾಂ. ಅವನದು 2000 ಬಂದಿತ್ತು.

“ಎಲ್ಲಿ, ಒಂದ್ಸಲ ತಗೊಂಡು ತೋರಿಸು,” ಎಂದರು ಭಾವ. ನಾನು ಪಂಪು ಅಲುಗಾಡಿಸಿ, ಉಸಿರು ಪೂರ್ತಿ ಹೊರಗೆ ಬಿಟ್ಟು, ಬಾಯಿಗಿಟ್ಟು ಒತ್ತಿ ಎಳೆದೆ. ಗಂಟಲಲ್ಲಿ ಆ ತಣ್ಣನೆಯ ಕಹಿ. ಮನಸ್ಸಿನಲ್ಲೇ ಹತ್ತು ಎಣಿಸಿ ಉಸಿರು ಬಿಟ್ಟೆ. ಭಾವ ಗಡಿಯಾರ ಹಿಡಿದು ನನ್ನನ್ನು ಮಹಡಿಯ ನೀರಿನ ಟ್ಯಾಂಕಿನವರೆಗೆ ಓಡಿಸಿದರು. ಮದ್ದಿಲ್ಲದೆ ಹತ್ತಿದ್ದರ ಸಮಯ ಮೊದಲೇ ಬರೆದಿಟ್ಟುಕೊಂಡಿದ್ದರು. ಬೆರಳು ಸಣ್ಣಗೆ ನಡುಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು, ಸಮಯ ಮೊದಲಿಗಿಂತ ಜಾಸ್ತಿಯೇ ಆಯಿತು. ಅಕ್ಕ ತೀರ್ಪು ಕೊಟ್ಟಳು: “ರೀ, ಇದರಿಂದ ಬೆಟ್ಟ ಹತ್ತೋ ಹಾಗಿದ್ರೆ ನನ್ನ ತಮ್ಮ ಹೋದ ಆಷಾಢದಲ್ಲಿ ಚಾಮುಂಡಿ ಬೆಟ್ಟದ ನಂದಿ ಹತ್ರ ಯಾಕೆ ಕೂತುಬಿಡ್ತಿದ್ದ?”

ಪ್ರಕರಣ ಇತ್ಯರ್ಥವಾಗದೆ ತೂಗಾಡುತ್ತಿರುವಾಗಲೇ ಫ್ರೂಮ್ 2018ರ ಮೇ ತಿಂಗಳಲ್ಲಿ ಇಟಲಿಯ ಜಿರೋ ರೇಸಿಗೆ ಹೋದ. ಈ ಆತ್ಮವಿಶ್ವಾಸ ನಮ್ಮ ಮನೆಯಲ್ಲಿ ದೊಡ್ಡ ಚರ್ಚೆಯಾಯಿತು. ತಪ್ಪು ಮಾಡದವನ ಧೈರ್ಯ ಎಂದೆ ನಾನು. ಭಾವ, ತಪ್ಪು ಮಾಡಿದವನಲ್ಲೂ ಮಾಡದವನಲ್ಲೂ ಧೈರ್ಯ ಒಂದೇ ಥರ ಕಾಣುತ್ತೆ ಎಂದರು. ಮೇ 25ರಂದು, ಮೂರು ನಿಮಿಷಕ್ಕೂ ಹೆಚ್ಚು ಹಿಂದೆ ನಾಲ್ಕನೇ ಸ್ಥಾನದಲ್ಲಿದ್ದವನು, ಫಿನೆಸ್ತ್ರೆ ಕಣಿವೆಯ ಏರಿನ ಜಲ್ಲಿ ದಾರಿಯಲ್ಲಿ ಎದ್ದು ಹೊರಟ. ಗುರಿ ಇನ್ನೂ 80 ಕಿ.ಮೀ. ದೂರವಿತ್ತು. ಅಷ್ಟು ದೂರವನ್ನೂ ಒಬ್ಬನೇ ತುಳಿದು, ಜಿರೋದಲ್ಲಿ ಮುಂದಿರುವವನ ಗುಲಾಬಿ ಅಂಗಿ ತೊಟ್ಟ. ಹೊತ್ತುಕೊಂಡು ಹೋಗುವ ಭಾರ ಬೇಡವೆಂದು ಅವನ ತಂಡದವರೇ ಏರಿನುದ್ದಕ್ಕೂ ಅಲ್ಲಲ್ಲಿ ಬಾಟಲಿ ಹಿಡಿದು ನಿಂತಿದ್ದರಂತೆ. ಆ ರಾತ್ರಿ ಊಟ ತಣ್ಣಗಾಯಿತು. ನಾನು ಕಂಡ ಅತ್ಯಂತ ಚೆಂದದ ಸವಾರಿ ಅದು. ಈಗಲೂ ಹಾಗೆಯೇ ಅನ್ನಿಸುತ್ತದೆ. ಭಾವ ನೋಟ್‌ಬುಕ್ಕಿನಲ್ಲಿ ಒಂದು ಇಡೀ ಪುಟ ಖಾಲಿ ಬಿಟ್ಟು ಮೇಲೆ ತಾರೀಕು ಮಾತ್ರ ಬರೆದರು.

ಜುಲೈ 2ರಂದು, ಟೂರ್ ಶುರುವಾಗಲು ಇನ್ನು ಐದೇ ದಿನ ಇರುವಾಗ, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಪ್ರಕರಣ ಮುಚ್ಚಿತು. ಮೈಯ ನೀರು ಬತ್ತಿ ಮೂತ್ರ ಗಟ್ಟಿಯಾಗಿದ್ದುದನ್ನು ಲೆಕ್ಕಕ್ಕೆ ತೆಗೆದುಕೊಂಡರೆ ಅಂಕಿ 1429ಕ್ಕೆ ಇಳಿಯುತ್ತದೆ, ಅನುಮತಿಯ ಪ್ರಮಾಣದಲ್ಲಿ ಎಳೆದುಕೊಂಡರೂ ಇಂಥ ಏರುಪೇರು ಬರಬಹುದು, ಇದನ್ನು ನಿಯಮಭಂಗ ಎನ್ನಲಾಗದು ಎಂದು ಉದ್ದೀಪನ ಮದ್ದು ತಡೆಯುವ ವಿಶ್ವ ಸಂಸ್ಥೆ ವಾಡಾ ಕೂಡ ಒಪ್ಪಿತ್ತು. ಭಾವ ಕಾನೂನಿಗೆ ತಲೆಬಾಗುವವರು. ಪುಟದ ಅಡಿಯಲ್ಲಿ ‘ಆಕ್ಷೇಪಣೆ ಕೈಬಿಟ್ಟಿದೆ’ ಎಂದು ಬರೆದು ಸಹಿ ಹಾಕಿದರು. ಆದರೆ ಪುಟ ಹರಿಯಲಿಲ್ಲ. ಫ್ರಾನ್ಸಿನ ಜನರೂ ಹರಿಯಲಿಲ್ಲ. ಆ ವರ್ಷ ಆಲ್ಪ್ ದ್ಯುಯೆಜ್ ಏರಿನಲ್ಲಿ ಅವನನ್ನು ಗೇಲಿ ಮಾಡಿ ಕೂಗಿದರು, ಒಬ್ಬ ಕೈಯನ್ನೂ ಮಾಡಿದ.

ಫ್ರೂಮ್ ಬಿದ್ದದ್ದು 2019ರ ಜೂನ್ 12ರಂದು. ರೇಸಿನಲ್ಲಿ ಕೂಡ ಅಲ್ಲ. ಫ್ರಾನ್ಸಿನ ರೋವಾನ್ ಎಂಬ ಊರಿನಲ್ಲಿ ಮಧ್ಯಾಹ್ನದ ಸ್ಪರ್ಧೆಗೆ ಮೊದಲು ದಾರಿ ನೋಡಿಕೊಂಡು ಬರಲು ಹೋಗಿದ್ದ. ಇಳಿಜಾರಿನಲ್ಲಿ ಮೂಗು ಸೀಟಲು ಒಂದು ಕೈ ಬಿಟ್ಟ. ಅದೇ ಗಳಿಗೆಗೆ ಗಾಳಿ ಬೀಸಿತು. ಗಂಟೆಗೆ ಐವತ್ತು ಕಿ.ಮೀ. ದಾಟಿದ ವೇಗದಲ್ಲಿ ಗೋಡೆಗೆ ಹೊಡೆದ. ತೊಡೆಮೂಳೆ, ಸೊಂಟ, ಮೊಣಕೈ, ಪಕ್ಕೆಲುಬು ಎಲ್ಲ ಮುರಿದವು. ಅವನು ತೀವ್ರ ನಿಗಾ ಘಟಕದಲ್ಲಿ ಮಲಗಿದ್ದಾಗ, ಮಾರನೆಯ ದಿನವೇ, ಇನ್ನೊಂದು ಸುದ್ದಿ: 2011ರ ವುವೆಲ್ಟಾ ಗೆದ್ದಿದ್ದ ಕೋಬೋನ ರಕ್ತದ ದಾಖಲೆಯಲ್ಲಿ ಅಕ್ರಮ ಸಾಬೀತಾಗಿದೆ. ಮುಂದಿನ ತಿಂಗಳು ಆ 13 ಸೆಕೆಂಡಿನ ಸೋಲು ಗೆಲುವೆಂದು ಫ್ರೂಮ್ ಹೆಸರಿಗೆ ಬಂತು. ಭಾವ ಬಹಳ ಹೊತ್ತು ಸುಮ್ಮನಿದ್ದು, “ಹಿಂದಿನ ಸಾಲಿನ ಬಾಕಿ, ಈ ಸಾಲಿನಲ್ಲಿ ಜಮಾ,” ಎಂದರು. ಆ ದಿನ ನೋಟ್‌ಬುಕ್ ಹೊರಗೆ ಬರಲಿಲ್ಲ.

ಆಮೇಲೆ ಅದು ಹೊರಗೆ ಬರುವ ಪ್ರಸಂಗವೇ ಕಡಿಮೆಯಾಯಿತು. 2020ರ ಫೆಬ್ರುವರಿಯಲ್ಲಿ ಫ್ರೂಮ್ ಮತ್ತೆ ರೇಸಿಗೆ ಇಳಿದ. ತಂಡ ಬದಲಿಸಿದ. 2021ರ ಟೂರ್‌ನಲ್ಲಿ 133ನೆಯವನಾಗಿ ಮುಗಿಸಿದ. ಐದನೇ ಟೂರ್ ಗೆಲ್ಲಬೇಕೆಂಬ ಆಸೆಯನ್ನು ಮಾತ್ರ ಬಿಡಲಿಲ್ಲ, ಬರುವ ವರ್ಷ ನೋಡಿ ಎನ್ನುವ ಧಾಟಿ ಬಿಡಲಿಲ್ಲ. ಹೊಸ ಡಿಸ್ಕ್ ಬ್ರೇಕು ಕಿರಗುಟ್ಟುತ್ತದೆ ಎಂದು ದೂರಿದ. ಗೆಲ್ಲುವಾಗ ಇದೇ ಆತ್ಮವಿಶ್ವಾಸಕ್ಕೆ ಅಹಂಕಾರ ಎನ್ನುತ್ತಿದ್ದ ಭಾವ ಈಗ “ಪಾಪ, ಛಲ ನೋಡು” ಎನ್ನತೊಡಗಿದರು. ಮೊದಲೆಲ್ಲ ಫಲಿತಾಂಶದ ಪಟ್ಟಿಯನ್ನು ಮೇಲಿಂದ ಓದುತ್ತಿದ್ದವರು ಕೆಳಗಿನಿಂದ ಓದಲು ಶುರುಮಾಡಿದರು, ಬೇಗ ಸಿಗುತ್ತಾನೆಂದು. ರಸ್ತೆ ಬದಿಯ ಜನವೂ ಬದಲಾದರು. ಈಗ ಯಾರೂ ಏನೂ ಎರಚಲಿಲ್ಲ. ಪ್ರಯೋಗಾಲಯ, ಒಕ್ಕೂಟ, ವಾಡಾ, ನನ್ನ ಅಷ್ಟೂ ವೋಚರುಗಳು ಸೇರಿ ಕೊಡಲಾಗದ ನಿರ್ದೋಷಿ ಪ್ರಮಾಣಪತ್ರವನ್ನು 133ನೇ ಸ್ಥಾನ ಕೊಟ್ಟಿತ್ತು. ನನಗೇಕೋ ಇದು ಆ ಮೂತ್ರದ ಲೋಟಕ್ಕಿಂತ ದೊಡ್ಡ ಅವಮಾನ ಅನ್ನಿಸುತ್ತಿತ್ತು. ನಾನು ಜಗಳಕ್ಕೆ ಕರೆದರೂ ಭಾವ ಬರುತ್ತಿರಲಿಲ್ಲ. “ಬಿಡಯ್ಯಾ, ಒಳ್ಳೇ ಹುಡುಗ,” ಎಂದುಬಿಡುತ್ತಿದ್ದರು.

2022ರ ಜುಲೈ 14. ಆಲ್ಪ್ ದ್ಯುಯೆಜ್, 21 ತಿರುವುಗಳ ದಾರಿ. ತಪ್ಪಿಸಿಕೊಂಡು ಮುಂದೆ ಹೋದ ಗುಂಪಿನಲ್ಲಿ ಫ್ರೂಮ್ ಇದ್ದ. ಏರು ಶುರುವಾದಾಗಲೂ ಇದ್ದ. 22 ವರ್ಷದ ಟಾಮ್ ಪಿಡ್‌ಕಾಕ್ ಎಲ್ಲರನ್ನೂ ಬಿಟ್ಟು ಹಾರಿದ, ದಕ್ಷಿಣ ಆಫ್ರಿಕಾದ ಲೂಯಿ ಮೈಂಟ್‌ಯೆಸ್ ಅವನ ಹಿಂದೆ ಹೋದ, ಮೂರನೆಯವನಾಗಿ ಅದೇ ಹೊರಚಾಚಿದ ಮೊಣಕೈ, ಅದೇ ತಗ್ಗಿದ ತಲೆ, ವಯಸ್ಸು 37. ಮುರಿದ ಮೂಳೆಗಳನ್ನು ಜೋಡಿಸಿಕೊಂಡ ಕಾಲು ನಿಲ್ಲದೆ ತುಳಿಯುತ್ತಿತ್ತು. ನಾಲ್ಕು ವರ್ಷದ ಹಿಂದೆ ಗೇಲಿ ಮಾಡಿದ್ದ ಬೆಟ್ಟ ಈಗ ಅವನ ಹೆಸರು ಕೂಗುತ್ತಿತ್ತು. ನಾನು ಉಸಿರು ಬಿಗಿಹಿಡಿದು ಕೂತಿದ್ದೆ, ಪಂಪಿಲ್ಲದೆ. ಪಕ್ಕದಲ್ಲಿ ಭಾವ ತಟಕ್ಕನೆ ಎದ್ದು ನಿಂತರು. ಮುಖ ಹಬ್ಬದ ಮನೆಯಾಗಿತ್ತು.

“ಲೇ, ನನಗೆ ಅನುಮಾನ ಬರ್ತಾ ಇದೆ ಕಣೋ! ಅನುಮಾನ ಬರ್ತಾ ಇದೆ!”

ಅವನು ಮೂರನೆಯವನಾಗಿಯೇ ಮುಗಿಸಿದ. ಮುಂದಿನ ವಾರ ಕೋವಿಡ್ ತಗುಲಿ ಮನೆಗೆ ಹೋದ. 2023ರಲ್ಲಿ ತಂಡ ಅವನನ್ನು ಟೂರ್‌ಗೆ ಆರಿಸಲೇ ಇಲ್ಲ. ಆ ವರ್ಷ ಅವನು, ತನ್ನ ಸೈಕಲ್ಲಿನ ಅಳತೆ ಹಳೆಯ ಗೆಲುವಿನ ದಿನಗಳ ಅಳತೆಗಿಂತ ಸೆಂಟಿಮೀಟರುಗಟ್ಟಲೆ ಬೇರೆ ಇತ್ತು, ಈಗ ಗೊತ್ತಾಯಿತು ಎಂದ. ಸೀಟು ಸರಿಯಿಲ್ಲ ಎಂದು ತಿಳಿಯಲು ಇಷ್ಟು ವರ್ಷ ಬೇಕೇ ಎಂದು ಅಕ್ಕ ಕೇಳಿದ್ದಕ್ಕೆ, ಸೈಕಲ್ ರಿಪೇರಿಯ ಹುಡುಗನ ಹತ್ತಿರ ಹೋಗಿದ್ದರೆ ಎರಡೇ ನಿಮಿಷ ಎಂದು ಭಾವ ಒಪ್ಪಿಕೊಂಡರು. 2025ರ ಆಗಸ್ಟ್‌ನಲ್ಲಿ, ನಲವತ್ತರ ವಯಸ್ಸಿನಲ್ಲಿ, ಅಭ್ಯಾಸಕ್ಕೆ ಹೋದವನು ಮತ್ತೆ ಬಿದ್ದು ಪಕ್ಕೆಲುಬು, ಬೆನ್ನುಮೂಳೆ ಮುರಿದುಕೊಂಡ.

ಆ ವರ್ಷ ಆಯುಧಪೂಜೆಗೆ ಮನೆ ಗುಡಿಸುವಾಗ ಅಕ್ಕ ಹಳೆಯ ಪೇಪರುಗಳನ್ನೆಲ್ಲ ಹೊರಗೆ ತೆಗೆದು ಹಾಕಿದ್ದಳು. ರದ್ದಿಯವನು ಗೇಟಿನ ಹತ್ತಿರ ತಕ್ಕಡಿ ಹಿಡಿದು ನಿಂತಿದ್ದ.

“ರೀ, ಈ ಫ್ರೂಮ್ ನೋಟ್‌ಬುಕ್ ಹಾಕ್ಬಿಡ್ಲಾ?”

“ಬೇಡ, ಇರ್ಲಿ ಇಡು,” ಎಂದರು ಭಾವ, ಪೇಪರಿನಿಂದ ತಲೆ ಎತ್ತದೆ. “ಮತ್ತೆ ಗೆದ್ರೆ ಬೇಕಾಗುತ್ತೆ.”